ಕೆಲ್ಲರ್ ಸಾಹೇಬರಿಗೆ ಸಿಕ್ಕಿದ ಅಜ್ಜ

ಆಲ್ಫ್ರೆಡ್ ಕ್ರಾಸ್ತಾ ದೇವರ ಮೇಲೆ ಸಿಟ್ಟಾಗಿ ಎಂಟು ತಿಂಗಳಾಗಿತ್ತು. ಹಾಗೆಂದು ಪ್ರಾರ್ಥನೆ ಬಿಟ್ಟವರಲ್ಲ. ಕೊಲ್ಲಿ ದೇಶದಲ್ಲಿ, ದಾರ್ಸೈಟಿನ ಮಗನ ಫ್ಲ್ಯಾಟಿನಲ್ಲಿ ಪ್ರತಿ ಸಂಜೆ ಮೊಣಕಾಲೂರಿ ಜಪಸರ ಮುಗಿಸುವರು. ಮುಗಿದ ಕೂಡಲೇ ಜಗಳ ಶುರು. "ನನ್ನ ಕ್ಲೆಮೆಂಟಿನಾಳನ್ನು ಕರೆದುಕೊಂಡು ಹೋದೆಯಲ್ಲ, ಈಗ ಅನುಭವಿಸು. ಸ್ವರ್ಗದಲ್ಲಿ ಯಾವ ಸಂತ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಬಂದ ಎಂದು ದಿನಾ ನಿನ್ನ ಹತ್ತಿರವೇ ದೂರು ಹೇಳುತ್ತಾಳೆ. ಐವತ್ತು ವರ್ಷ ನಾನು ಕೇಳಿದ್ದೇನೆ."

ಹುಡುಗನಾಗಿದ್ದಾಗ ಪಾದ್ರಿಯಾಗಬೇಕೆಂದು ಮಂಗಳೂರಿನ ಸೆಮಿನರಿಯಲ್ಲಿ ಆರು ವರ್ಷ ಲ್ಯಾಟಿನ್ ಕಲಿತವರು ಆಲ್ಫ್ರೆಡ್. ಏಳನೆಯ ವರ್ಷ ಇಗರ್ಜಿಯಲ್ಲಿ ಹಾಡುವವರ ಸಾಲಿನಲ್ಲಿ ಕ್ಲೆಮೆಂಟಿನಾ ಕಂಡಳು. ಪಾದ್ರಿಪಟ್ಟ ಅಲ್ಲಿಗೆ ಮುಗಿಯಿತು. ಲ್ಯಾಟಿನ್ ಮಾತ್ರ ಯಾವ ಕೆಲಸಕ್ಕೂ ಬಾರದೆ ತಲೆಯ ಮೂಲೆಯಲ್ಲಿ ಬಿದ್ದಿತ್ತು.

ಒಂದು ದಿನ ಮಗ ಜೆಫ್ರಿ ಆಫೀಸಿನಿಂದ ಬಂದವನೇ ಕೇಳಿದ: "ಪಪ್ಪಾ, ನಿಮಗೆ ಲ್ಯಾಟಿನ್ ಈಗಲೂ ನೆನಪುಂಟಾ?"

"ಉಂಟು. ಯಾರಾದರೂ ಸತ್ತರಾ?"

ಯಾರೂ ಸತ್ತಿರಲಿಲ್ಲ, ಅಥವಾ ಎಲ್ಲರೂ ಸತ್ತು ನೂರು ವರ್ಷ ದಾಟಿತ್ತು. ಅದೇ ಪಟ್ಟಣದ ಖುರುಮ್‌ನಲ್ಲಿ ಜೆಫ್ರಿ ದುಡಿಯುತ್ತಿದ್ದ ಪಂಪು ಕಂಪನಿಯ ಮೇಲಧಿಕಾರಿ ಡೇಲ್ ಕೆಲ್ಲರ್ ಅಮೆರಿಕದವರು. ಮಿಸಿಸಿಪ್ಪಿ ಹೊಳೆಯ ದಂಡೆಯ ಒಂದು ಪುಟ್ಟ ಊರು ಅವರದು. ಅವರ ಹಿರಿಯ ಮಥಿಯಾಸ್ ಕೆಲ್ಲರ್ ಜರ್ಮನಿಯಿಂದ ಹಡಗು ಹತ್ತಿ ಆ ಊರಿಗೆ ಬಂದಿದ್ದ. ಆದರೆ ಮಥಿಯಾಸನ ಅಪ್ಪ ಯಾರು, ಅವನೂ ಬಂದಿದ್ದನೋ ಎಂದು ಯಾರಿಗೂ ಗೊತ್ತಿಲ್ಲ. ಊರಿನ ಇಗರ್ಜಿಯ ಹಳೆಯ ದಾಖಲೆ ಪುಸ್ತಕಗಳ ಫೋಟೋಗಳೆಲ್ಲ ಸಾಹೇಬರ ಕಂಪ್ಯೂಟರಿನಲ್ಲಿವೆ, ಬರೆದದ್ದೆಲ್ಲ ಲ್ಯಾಟಿನಿನಲ್ಲಿ. ಜುಲೈಯಲ್ಲಿ ಕುಟುಂಬದ ಇನ್ನೂರು ಜನ ಅಲ್ಲಿ ಸೇರುವವರು. ಅಷ್ಟರೊಳಗೆ ಸಾಹೇಬರಿಗೊಬ್ಬ ಮೂಲಪುರುಷ ಬೇಕು.

ಜೆಫ್ರಿಗೆ ಬೇಕಾದದ್ದು ಸಾಹೇಬರ ಸಹಿ. ಅವನ ಕೆಲಸದ ಕರಾರು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಸಹಿ ಬೀಳದಿದ್ದರೆ ವೀಸಾ ಇಲ್ಲ. ಹತ್ತನೇ ಕ್ಲಾಸಿನ ಮಗಳು ಕ್ರಿಸ್ಟಲ್ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟು ಊರಿಗೆ ಗಂಟುಮೂಟೆ ಕಟ್ಟಬೇಕು.

"ಹಾಗಾದರೆ ನಿನ್ನ ಕೆಲಸ ಉಳಿಸಲಿಕ್ಕೆ ನಾನು ಜರ್ಮನ್ ಪಾದ್ರಿಗಳ ಕೋಳಿಕಾಲಿನ ಅಕ್ಷರ ಓದಬೇಕು," ಎಂದರು ಆಲ್ಫ್ರೆಡ್.

"ಇಲ್ಲದಿದ್ದರೆ ನೀವು ಇಡೀ ದಿನ ದೇವರ ಹತ್ತಿರ ಜಗಳ ಮಾಡ್ತೀರಲ್ಲ ಪಪ್ಪಾ. ಅವರಿಗೂ ಸ್ವಲ್ಪ ಪುರುಸೊತ್ತು ಬೇಡವಾ?" ಎಂದಳು ಸೊಸೆ ಒಲಿವಿಯಾ.

ಜೆಫ್ರಿ ತಂದುಕೊಟ್ಟ ಫೋಟೋಗಳ ಮುಂದೆ ಕನ್ನಡಕ ಒರೆಸಿ ಕೂತ ಆಲ್ಫ್ರೆಡ್‌ಗೆ ನಾಲ್ಕನೇ ದಿನ ಬೇಕಾದದ್ದು ಸಿಕ್ಕಿಯೇ ಬಿಟ್ಟಿತು. ಮಥಿಯಾಸ್ ಕೆಲ್ಲರನ ಚೊಚ್ಚಲ ಮಗುವಿನ ಜ್ಞಾನಸ್ನಾನ. ಮಗುವಿನ ಪರವಾಗಿ ನಿಂತ ಜ್ಞಾನತಂದೆ ಕಾಸ್ಪರ್, ಜ್ಞಾನತಾಯಿ ಅಪೊಲೋನಿಯಾ. ಅವರ ಮನೆತನದ ಹೆಸರಿದ್ದ ಜಾಗಕ್ಕೆ ಯಾವುದೋ ಕಾಲದ ನೆರೆನೀರು ನುಗ್ಗಿ ಶಾಯಿಯನ್ನು ತೊಳೆದಿತ್ತು. ಆಲ್ಫ್ರೆಡ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಚೊಚ್ಚಲ ಮಗುವಿಗೆ ನಿಲ್ಲುವುದು ಅಪ್ಪನ ಅಪ್ಪ, ಅಪ್ಪನ ಅಮ್ಮ. ಕ್ರಾಸ್ತಾ ಕುಟುಂಬದಲ್ಲಿ ಏಳು ತಲೆಮಾರಿನಿಂದ ಬಂದ ಕ್ರಮ. ಅಜ್ಜ ಜೀವಂತ ಇರುವಾಗ ಇನ್ನೊಬ್ಬನನ್ನು ನಿಲ್ಲಿಸಿದರೆ ಊರಿನಲ್ಲಿ ಬಡಿದಾಟವಾಗುತ್ತದೆ. ನೆರೆ ತಿಂದ ಜಾಗದಲ್ಲಿ ಅವರು ನಿಶ್ಚಿಂತೆಯಿಂದ 'ಕೆಲ್ಲರ್' ಎಂದು ತುಂಬಿಸಿದರು.

ಸಾಹೇಬರು ಕುಣಿಯುವುದೊಂದು ಬಾಕಿ. ತೊಂಬತ್ತೊಂದರ ತಾಯಿಗೆ ಫೋನು ಮಾಡಿದರು. ಹೊಳೆಬದಿಯ ಸ್ಮಶಾನದಲ್ಲಿ ನಿಲ್ಲಿಸಲು ಕಲ್ಲೊಂದನ್ನು ಹೇಳಿಯೂ ಬಿಟ್ಟರು: 'ಕಾಸ್ಪರ್ ಮತ್ತು ಅಪೊಲೋನಿಯಾ ಕೆಲ್ಲರ್, ನಮ್ಮೆಲ್ಲರ ಮೂಲ'. ಜೆಫ್ರಿಯ ಹೆಗಲು ತಟ್ಟಿ, ಎರಡು ವರ್ಷದ ಕರಾರು, ವಾರದ ರಜೆ ಮುಗಿದು ಭಾನುವಾರ ಆಫೀಸು ತೆರೆದಾಗ ಸಹಿ ಎಂದರು.

ಕೆಲಸ ಅಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಆಲ್ಫ್ರೆಡ್‌ಗೆ ಓದಿನ ಚಟ ಹಿಡಿದಿತ್ತು. ಮುಂದಿನ ಪುಟದಲ್ಲಿ ಬೇರೆ ಯಾರದೋ ಮಗು. ನಿಂತವರು ಕಾಸ್ಪರ್, ಅಪೊಲೋನಿಯಾ. ಅದರ ಮುಂದಿನದು ಇನ್ನೊಂದು ಕುಟುಂಬದ ಅವಳಿ, ಅಲ್ಲಿಯೂ ಅವರೇ. ಒಂದೇ ವರ್ಷದಲ್ಲಿ ಮೂವತ್ತೆಂಟು ಮಕ್ಕಳು! ಕೊನೆಗೆ ಒಂದು ಪುಟದ ಅಂಚಿನಲ್ಲಿ, ಪಾದ್ರಿಗೇ ಬೇಸರ ಬಂದು ಬರೆದ ಸಾಲು: 'ಪುನಃ ನಮ್ಮ ಗಂಟೆ ಹೊಡೆಯುವ, ಹೆಣಕ್ಕೆ ಗುಂಡಿ ತೋಡುವ ಕಾಸ್ಪರ್ ಮತ್ತು ನನ್ನ ಅಡುಗೆಯ ಅಪೊಲೋನಿಯಾ. ಹಡಗಿನಿಂದ ಇಳಿದವರಿಗೆ ಇಲ್ಲಿ ನೆಂಟರಿಲ್ಲ, ಬೇರೆ ಯಾರು ನಿಲ್ಲಬೇಕು?'

ಆಲ್ಫ್ರೆಡ್ ಕನ್ನಡಕ ತೆಗೆದಿಟ್ಟರು. ಗಂಟೆ ಹೊಡೆದು ಗುಂಡಿ ತೋಡುತ್ತಿದ್ದವನಿಗೂ ಪಾದ್ರಿಯ ಅಡುಗೆಯವಳಿಗೂ ಅವರು ಮದುವೆ ಮಾಡಿಸಿದ್ದರು; ಇನ್ನೂರು ಜನ ಸಂತಾನವನ್ನೂ ಕೊಟ್ಟಿದ್ದರು. ಪಾದ್ರಿಯಾಗದೆ ನಡೆಸಿಕೊಟ್ಟ ಏಕೈಕ ಮದುವೆ.

ಶನಿವಾರ ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟರು. ಜೆಫ್ರಿಯ ಕೈಯ ತುತ್ತು ತಟ್ಟೆಗೆ ಬಿತ್ತು.

"ಪಪ್ಪಾ, ನಾಳೆ ಸಹಿ! ನಿಮಗೆ ಇವತ್ತೇ ಸಿಗಬೇಕಿತ್ತಾ ಆ ಗಂಟೆಯವ?"

"ಭಾನುವಾರ ಕಳೀಲಿ," ಎಂದಳು ಒಲಿವಿಯಾ. "ಸೋಮವಾರ ಹೇಳಿ. ಸತ್ಯ ಎಂತ ಹಾಲಾ, ಒಂದು ದಿನದಲ್ಲಿ ಹುಳಿಯಾಗ್ಲಿಕ್ಕೆ?"

ಕ್ರಿಸ್ಟಲ್ ಫೋನಿನಿಂದ ತಲೆಯೆತ್ತದೆ, "ಅಜ್ಜಾ, ಜಸ್ಟ್ ಚಿಲ್. ದೇ ಆರ್ ಆಲ್ ಡೆಡ್," ಎಂದಳು.

ಮಾತೇನೋ ಸರಿಯೇ. ಆದರೆ ಅದು ಕಲ್ಲಿನ ವಿಷಯ. ಎಂಟು ತಿಂಗಳ ಹಿಂದೆ ಊರಿನಲ್ಲಿ ಕಲ್ಲು ಕೆತ್ತುವವನು ಕ್ಲೆಮೆಂಟಿನಾಳ ಹೆಸರಿನ ಚೀಟಿಯನ್ನು ಅವರ ಕೈಗಿತ್ತು, "ಮೂರು ಸಲ ಓದಿ ಹೇಳಿ, ಆಮೇಲೆ ಅಳಿಸ್ಲಿಕ್ಕೆ ಆಗುದಿಲ್ಲ" ಎಂದಿದ್ದ. ಅಂದು ಕಣ್ಣೀರಿನಲ್ಲಿ ಅಕ್ಷರ ಕಾಣದೆ ಒಂಬತ್ತು ಸಲ ಓದಿದ್ದರು. ಆ ಕೆಲಸ ಮಾಡಿದವರು ಇನ್ನೊಬ್ಬರ ಕಲ್ಲಿನ ಮೇಲೆ ಸುಳ್ಳು ಕೂರಿಸುವುದು ಹೇಗೆ?

ಸಂಜೆಯ ಜಪವಾದ ಮೇಲೆ ದೇವರಿಗೆ ಹೇಳಿದರು: "ಸುಳ್ಳು ಹೇಳಬಾರದೆಂಬ ನಿನ್ನ ಎಂಟನೇ ಆಜ್ಞೆಗೆ ನನ್ನ ಮಗನ ಕರಾರೇ ಬೇಕಿತ್ತಾ? ಸಣ್ಣದೇನಾದರೂ ಕೇಳಬಾರದಿತ್ತಾ?" ದೇವರು ಎಂದಿನಂತೆ ಸುಮ್ಮನಿದ್ದ.

ಭಾನುವಾರ ಟ್ಯಾಕ್ಸಿ ಹಿಡಿದು ಖುರುಮ್‌ಗೆ ಹೋದರು. ಸಾಹೇಬರ ಮೇಜಿನ ಮೇಲೆ ಜೆಫ್ರಿಯ ಕಾಗದ ಬಿಚ್ಚಿತ್ತು, ಪೆನ್ನು ಅದರ ಮೇಲೆ. ಆಲ್ಫ್ರೆಡ್ ಕೂರಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದರು.

ಕೆಲ್ಲರ್ ಪೆನ್ನನ್ನು ಎತ್ತಿ ಬದಿಗಿಟ್ಟರು. "ಕಲ್ಲು ಕೆತ್ತಿ ಆಗಿದೆ," ಎಂದರು.

"ಮನೆತನದ ಹೆಸರನ್ನೂ 'ನಮ್ಮೆಲ್ಲರ ಮೂಲ' ಎಂಬುದನ್ನೂ ಉಜ್ಜಿಸಿ ಸಾರ್. ಉಳಿದದ್ದು ಇರಲಿ. ಊರಿನವರಿಗೆಲ್ಲ ಗುಂಡಿ ತೋಡಿದವನಿಗೆ ಯಾರು ಕಲ್ಲು ಇಟ್ಟಿರುತ್ತಾರೆ?"

"ಮತ್ತೆ ಅಡುಗೆಯವಳು?"

"ಅವಳನ್ನು ಸ್ವಲ್ಪ ದೂರ ಇಡಿ. ಪಾದ್ರಿಗೆ ಬೇಸರವಾದೀತು."

ಸಾಹೇಬರು ನಗಲಿಲ್ಲ, ಆದರೆ ಮೀಸೆಯ ಒಂದು ತುದಿ ಅಲುಗಿತು. "ಓದದ ಪುಟ ಇನ್ನೆಷ್ಟಿದೆ?"

"ಸಾವಿರದ ಮೇಲೆ, ಸಾರ್."

ಕೆಲ್ಲರ್ ಕಾಗದ ಎಳೆದುಕೊಂಡು 'ಎರಡು ವರ್ಷ' ಎಂದಿದ್ದುದನ್ನು ಹೊಡೆದು 'ಒಂದು' ಎಂದು ಬರೆದು ಸಹಿ ಹಾಕಿದರು. "ಅಷ್ಟರಲ್ಲಿ ನಿಜವಾದವನನ್ನು ಹುಡುಕಿ. ಮುಂದಿನದು ಆಮೇಲೆ ನೋಡೋಣ."

ಒಂದು ವರ್ಷ ಎಂದರೆ ಕ್ರಿಸ್ಟಲಳ ಪರೀಕ್ಷೆ ದಾಟುತ್ತದೆ. ಮನೆಗೆ ಬಂದ ಜೆಫ್ರಿ ಅಪ್ಪನನ್ನು ಅಪ್ಪಿಕೊಳ್ಳುವುದೋ ಬೈಯುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ. "ಪಪ್ಪಾ, ಇನ್ನು ಅವಸರ ಬೇಡ. ದಿನಕ್ಕೆ ಎರಡು ಪುಟ ಸಾಕು. ಕಣ್ಣಿಗೂ ಒಳ್ಳೆಯದು."

"ಹಬ್ಬದ ದಿನ ರಜೆ ತಗೊಳ್ಳಿ," ಎಂದಳು ಒಲಿವಿಯಾ. "ನಮ್ಮಲ್ಲಿ ಹಬ್ಬ ತುಂಬ ಉಂಟು."

ದಿನಕ್ಕೆ ಎರಡೇ ಪುಟ. ಆಲ್ಫ್ರೆಡ್ ಒಪ್ಪಿದರು, ಅದರಲ್ಲಿ ಸುಳ್ಳಿಲ್ಲ, ಕಣ್ಣು ನಿಜವಾಗಿಯೂ ಮಂಜಾಗಿತ್ತು. ಮರುದಿನ ಬೆಳಿಗ್ಗೆ ಕಾಫಿ ಕುಡಿದು ಶವಸಂಸ್ಕಾರದ ಪುಸ್ತಕ ತೆರೆದರು. ಮೊದಲ ಪುಟದಲ್ಲಿ ಏನೂ ಇರಲಿಲ್ಲ. ಎರಡನೆಯದರ ಮಧ್ಯದಲ್ಲಿ, ಒಂದು ಹನಿ ನೀರೂ ತಾಗದ ಜಾಗದಲ್ಲಿ, ಗುಂಡುಗುಂಡಾದ ಅಕ್ಷರ: 'ಜೊಹಾನೆಸ್ ಕೆಲ್ಲರ್, ಮಥಿಯಾಸನ ತಂದೆ, ಹಡಗಿನಿಂದ ಇಳಿದ ಮೂರನೇ ದಿನ ಕಾಲರಾದಿಂದ ತೀರಿಕೊಂಡನು.'

ಆಲ್ಫ್ರೆಡ್ ಬಾಗಿಲ ಕಡೆ ನೋಡಿದರು. ಜೆಫ್ರಿ ಆಫೀಸಿಗೆ ಹೋಗಿಯಾಗಿತ್ತು. ಆಮೇಲೆ ಸೂರಿನ ಕಡೆ ನೋಡಿದರು.

"ಇಷ್ಟು ದಿನ ನೀನು ಬಾಯಿ ಮುಚ್ಚಿ ಕೂತಿದ್ದೆ. ಇನ್ನು ಹನ್ನೊಂದು ತಿಂಗಳು ಸುಮ್ಮನಿರಲು ಏನಾಗಿತ್ತು ನಿನಗೆ?"

ಹೇಳಿ, ಸಾಹೇಬರ ನಂಬರು ಹುಡುಕಲು ಕನ್ನಡಕ ಮೇಲೇರಿಸಿಕೊಂಡರು.