ಗೋಡೆ ತಗ್ಗಾಗುವಲ್ಲಿ ಎಡಕ್ಕೆ

ನಮ್ಮ ಯಜಮಾನರು ಕಾರು ಓಡಿಸಲು ಕಲಿಸುವವರು. ಹೊಸಬರನ್ನು ಕೂರಿಸಿಕೊಂಡು ಮಂತ್ರಿಯೊಬ್ಬರ ಮನೆಯ ಸುತ್ತಲಿನ ರಸ್ತೆಯಲ್ಲಿ ಸುತ್ತುತ್ತಿದ್ದರು. ಅಲ್ಲಿ ಅಗಲವಿದೆ, ಜನರಿಲ್ಲ. ಮಂತ್ರಿಯ ಹೆಸರು ಕೂಡ ಇವರಿಗೆ ಗೊತ್ತಿರಲಿಲ್ಲ. ಕ್ಲಚ್ಚು, ಬ್ರೇಕು ಬಿಟ್ಟರೆ ಈ ಮನುಷ್ಯನಿಗೆ ಬೇರೆ ಲೋಕವಿಲ್ಲ.

ಒಂದು ರಾತ್ರಿ ಯಾರೋ ಆ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು. ಇವರು ಆಗ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು, ಅದಕ್ಕೆ ನನ್ನ ಕಿವಿಯೇ ಸಾಕ್ಷಿ. ಪೊಲೀಸರು ಆ ರಸ್ತೆಯಲ್ಲಿ ಓಡಾಡಿದ ಫೋನುಗಳ ದಾಖಲೆಯನ್ನೆಲ್ಲ ತರಿಸಿಕೊಂಡರು. ಬೇರೆಯವರ ಫೋನು ಹಾದುಹೋಗಿತ್ತು, ನಮ್ಮವರದು ತಿಂಗಳುಗಟ್ಟಲೆ ಗಾಣದೆತ್ತಿನ ಹಾಗೆ ಸುತ್ತಿತ್ತು. ಸಾಲದ್ದಕ್ಕೆ, ಆ ರಸ್ತೆ ಯಾವ ಹೊತ್ತಿಗೆ ಖಾಲಿ ಇರುತ್ತದೆಂದು ಇವರು ಫೋನಿನಲ್ಲಿ ಹುಡುಕಿದ್ದರು ಬೇರೆ.

ಇವರನ್ನು ಠಾಣೆಗೆ ಕರೆಸಿದರು, ನಾನೂ ಜೊತೆಗೆ ಹೋದೆ. ಕರೆಸಿದ ಅಧಿಕಾರಿ ನಮ್ಮ ಮಗನ ವಯಸ್ಸಿನವನು.

"ನುಗ್ಗಿದವರಿಗೆ ಒಳಗುಟ್ಟು ಹೇಳಿದ್ದು ಯಾರು ಅಂತ ನೋಡ್ತಿದ್ದೀವಿ. ನೀವು ಅಷ್ಟು ಸಲ ಯಾಕೆ ಸುತ್ತಿದ್ರಿ?"

ಕೇಳಿದ್ದೇ ತಡ, ಇವರು ಪಾಠ ಶುರುಮಾಡಿದರು. "ನೋಡಿ ಸಾರ್, ಗೋಡೆ ತಗ್ಗಾಗೋ ಕಡೆ ಸ್ಟೀರಿಂಗ್ ಎಡಕ್ಕೆ. ಕ್ಯಾಮೆರಾ ಕಂಬ ಕನ್ನಡೀಲಿ ಕಂಡ್ರೆ ಬ್ರೇಕು. ಹಿಂದಿನ ಗೇಟಿನ ಕಾವಲಿನವನು ಊಟಕ್ಕೆ ಹೋದ್ಮೇಲೆ ರಿವರ್ಸ್ ಕಲಿಸ್ತೀನಿ. ಇಲ್ದಿದ್ರೆ ಬೈತಾನೆ."

ಬಾಯಿ ಬಿಟ್ಟರೆ ಬಣ್ಣಗೇಡು. ಮೇಜಿನ ಕೆಳಗೆ ಕಾಲು ತುಳಿದೆ. "ಯಾಕೆ ತುಳೀತೀಯ?" ಅಂದರು, ಎಲ್ಲರಿಗೂ ಕೇಳುವ ಹಾಗೆ. ಹೇಳಿದ್ದನ್ನೆಲ್ಲ ಬರೆದುಕೊಂಡ ಪೇದೆ 'ಬಲಕ್ಕೆ' ಎಂದು ಬರೆದಿದ್ದ. ಇವರು ಅದನ್ನು ಹೊಡೆದು 'ಎಡಕ್ಕೆ' ಎಂದು ತಿದ್ದಿ, ಸಹಿ ಹಾಕಿ ಬಂದರು.

ಮಾರನೇ ವಾರ ಕಲಿಸುವ ಲೈಸೆನ್ಸು ತಡೆಹಿಡಿದರು. ಕಾರು ಬಾಗಿಲಲ್ಲಿ ನಿಂತಿತು, ಕಲಿಯುವವರು ಬೇರೆಯವರನ್ನು ಹುಡುಕಿಕೊಂಡರು.

ಆಮೇಲೆ ಒಂದು ದಿನ ಮೈದುನ ಫೋನು ಮಾಡಿ ದೊಡ್ಡ ಕೋರ್ಟಿನ ತೀರ್ಪಿನ ಸುದ್ದಿ ಹೇಳಿದ. ಇನ್ನು ಜಡ್ಜಿನ ಒಪ್ಪಿಗೆಯಿಲ್ಲದೆ ಯಾರು ಎಲ್ಲಿದ್ದರು, ಏನು ಹುಡುಕಿದರು ಎಂದು ಪೊಲೀಸರು ತೆಗೆದು ನೋಡುವಂತಿಲ್ಲ, ಹಾಗೆ ತೆಗೆದದ್ದನ್ನು ಕೈಬಿಡಬೇಕು. ಇವರು ಕಾರು ತೊಳೆದರು. ನನಗೂ ಹುಚ್ಚು ಖುಷಿ. ಅದೇ ಕಾರಿನಲ್ಲಿ ಠಾಣೆಗೆ ಹೋದೆವು.

"ನಿಮ್ಮ ಫೋನಿನ ದಾಖಲೆ ತೆಗೆದುಹಾಕಿದ್ದೀವಿ" ಎಂದ ಅಧಿಕಾರಿ.

"ಹಾಗಾದ್ರೆ ಲೈಸೆನ್ಸು?"

ಅವನು ಇವರು ಸಹಿ ಹಾಕಿದ್ದ ಹೇಳಿಕೆಯನ್ನು ನಮ್ಮ ಕಡೆ ತಿರುಗಿಸಿದ. "ಇದು ಫೋನು ಹೇಳಿದ್ದಲ್ಲ ಸಾರ್. ಗೋಡೆ, ಕ್ಯಾಮೆರಾ, ಕಾವಲಿನವನ ಊಟ, ಎಲ್ಲ ನೀವೇ ಹೇಳಿದ್ದು. ತಿದ್ದಿದ್ದೂ ನೀವೇ."

"ಫೋನು ನೋಡಿ ತಾನೇ ನೀವು ಕರೆಸಿದ್ದು?" ಎಂದೆ.

"ನಿಜ ಅಮ್ಮಾ. ನನ್ನ ಕೈಲಿ ಏನೂ ಇಲ್ಲ."

ಅವನು ಕೆಟ್ಟವನಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು, ಬೈಯೋಣವೆಂದರೆ ಒಬ್ಬರೂ ಸಿಗಲಿಲ್ಲ.

ವಾಪಸು ಬರುವಾಗ ಇವರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ನನಗೆ ಕಲಿಸಿದವರೂ ಇವರೇ. ನಾನು ಗೇರು ಬದಲಿಸಿದಾಗಲೆಲ್ಲ ಒಂದು ಉಪದೇಶ ಕೊಡದೆ ಕೂತವರಲ್ಲ. ತಿರುವಿನಲ್ಲಿ ಬೇಕೆಂದೇ ಕ್ಲಚ್ಚು ಗಬಕ್ಕನೆ ಬಿಟ್ಟೆ. ಕಾರು ಜಿಗಿದು ನಿಂತಿತು, ಹಿಂದಿನವರು ಹಾರನ್ ಹೊಡೆದರು.

ಪಕ್ಕದಲ್ಲಿ ಕೂತವರು ಏನೂ ಹೇಳಲಿಲ್ಲ.