ಸೋಂಕಿಗೆ ಮುಂಚಿನ ಗಂಡ

ಈ ಕಥೆಯನ್ನು ನನಗೆ ಇಬ್ಬರು ಹೇಳಿದ್ದಾರೆ. ರಕ್ತ ತೆಗೆಯುವ ನರ್ಸಮ್ಮನ ಪ್ರಕಾರ ಗಂಡ ಬೀಗ ರಿಪೇರಿಯವನು. ಪ್ರಯೋಗಾಲಯದ ಜವಾನನ ಪ್ರಕಾರ ಛತ್ರಿ ರಿಪೇರಿಯವನು. ಕೈಗೆತ್ತಿಕೊಂಡ ಒಂದು ಕೆಲಸವನ್ನೂ ಮುಗಿಸಿದವನಲ್ಲ ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ನಾನು ನರ್ಸಮ್ಮನ ಪಾಠವನ್ನು ಅನುಸರಿಸಿದ್ದೇನೆ. ಅದರಲ್ಲಿ ಅವನ ಮನೆಯ ಬೀಗವೇ ಮೂರು ವರ್ಷದಿಂದ ಬಿಚ್ಚಿಟ್ಟಂತೆಯೇ ಇತ್ತು.

ಯಕೃತ್ತಿನ ಉರಿಯೂತಕ್ಕೊಂದು ಹೊಸ ಲಸಿಕೆ ಸಿದ್ಧವಾಗಿತ್ತು. ಒಪ್ಪಿ ಬಂದವರಿಗೆ ಮೊದಲು ಲಸಿಕೆ ಕೊಟ್ಟು, ಆಮೇಲೆ ಬೇಕೆಂದೇ ಮೈಗೆ ವೈರಸ್ ಸೇರಿಸಿ, ಮಂಗಳವಾರ ಮಂಗಳವಾರ ರಕ್ತ ತೆಗೆದು, ಮೈಯೊಳಗಿನ ರಕ್ಷಕ ಕಣಗಳು ಎಚ್ಚೆತ್ತವೋ ಇಲ್ಲವೋ ಎಂದು ಪರೀಕ್ಷಿಸುವುದು ಆ ಪ್ರಯೋಗಾಲಯದ ಕ್ರಮ. ಮನೆಯಲ್ಲಿ ಕಂಡ ಲಕ್ಷಣಗಳನ್ನು ದಿನಚರಿಯಲ್ಲಿ ಬರೆದು ತರಬೇಕು. ಲಕ್ಷಣ ಮಿತಿಮೀರಿದರೆ ತಕ್ಷಣ ಗುಣಪಡಿಸುವ ಮಾತ್ರೆ ಕೊಟ್ಟು ಪ್ರಯೋಗದಿಂದ ಬಿಡಿಸುತ್ತಾರೆ. ಬೀಗದವನು, "ಇದೊಂದನ್ನಾದ್ರೂ ಕೊನೇವರೆಗೂ ಮಾಡಿ ತೋರಿಸ್ತೀನಿ," ಎಂದು ಹೆಂಡತಿಯ ಮುಂದೆ ಪಂಥ ಕಟ್ಟಿ ಸೇರಿದ್ದ. ಅವನ ಅಕ್ಷರ ಯಾರಿಗೂ ಓದಲು ಬಾರದ್ದರಿಂದ ದಿನಚರಿ ಬರೆಯುತ್ತಿದ್ದವಳು ಅವಳೇ.

ಐದನೆಯ ಮಂಗಳವಾರ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಪ್ರಯೋಗ ನಡೆಸುವ ಡಾಕ್ಟರಮ್ಮ ದಿನಚರಿ ಓದಿ ಬೆವರಿದರು. "ವಿಪರೀತ ಆಯಾಸ. ಏಳಲು ಆಗುವುದಿಲ್ಲ. ಕರೆದರೆ ಕಿವಿ ಕೇಳುವುದಿಲ್ಲ. ಸಿಡುಕು. ಹೇಳಿದ್ದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ." ರಕ್ತದಲ್ಲಾದರೋ ರಕ್ಷಕ ಕಣಗಳು ದಂಡುಗಟ್ಟಿ ನಿಂತಿದ್ದವು, ಯಕೃತ್ತು ತಣ್ಣಗಿತ್ತು.

"ರಕ್ತ ಒಂದು ಹೇಳುತ್ತೆ, ಬರಹ ಇನ್ನೊಂದು ಹೇಳುತ್ತೆ," ಎಂದು ಅವರು ಮಾತ್ರೆಯ ಪೆಟ್ಟಿಗೆಗೆ ಕೈಹಾಕಿದರು. "ಬರಹ ನಿಜವಾದ್ರೆ ನಿಮ್ಮನ್ನ ಇವತ್ತೇ ಬಿಡಿಸ್ಬೇಕು."

ಗಂಡನ ಮುಖ ಬಾಡಿತು. "ಡಾಕ್ಟ್ರೇ, ನಾನು ಗುಂಡುಕಲ್ಲಿನ ಹಾಗಿದೀನಿ!"

"ಹೌದು, ಗುಂಡುಕಲ್ಲೇ. ಅಲ್ಲಾಡೋದೇ ಇಲ್ಲ," ಎಂದಳು ಹೆಂಡತಿ.

"ಈ ಆಯಾಸ ಯಾವಾಗಿಂದ ಅಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು.

"ಮದುವೆ ಆದ ಮೂರನೇ ದಿನದಿಂದ."

ನರ್ಸಮ್ಮ ಕೆಮ್ಮಿದಂತೆ ನಟಿಸಿ ನಗು ನುಂಗಿದಳು. ಸೋಂಕಿಗೆ ಮುಂಚಿನ ರಕ್ತವನ್ನು ಎಂಟು ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿ ಕಾಪಾಡಿದ್ದ ಪ್ರಯೋಗಾಲಯದ ಪಂಡಿತರು, ಸೋಂಕಿಗೆ ಮುಂಚಿನ ಗಂಡ ಹೇಗಿದ್ದನೆಂದು ಯಾರನ್ನೂ ಕೇಳಿರಲಿಲ್ಲ.

"ಹಾಗಾದ್ರೆ ಮೈಗೆ ವೈರಸ್ ಸೇರಿಸಿದ ಮೇಲೆ ಹೊಸದಾಗಿ ಏನಾದ್ರೂ ಕಂಡಿದೀರಾ?"

ಹೆಂಡತಿ ಯೋಚಿಸಿದಳು. ಗಂಡ ಮಾತ್ರೆಯ ಪೆಟ್ಟಿಗೆಯನ್ನೇ ನೋಡಿದ.

"ಒಂದಿದೆ. ಮಂಗಳವಾರ ಬಂತು ಅಂದ್ರೆ ನಾನು ಕೂಗೋಕೆ ಮುಂಚೇನೇ ಎದ್ದು, ತಲೆ ಬಾಚ್ಕೊಂಡು, ಬಾಗಿಲ ಹತ್ರ ನಿಂತಿರ್ತಾರೆ. ನಂಗೇ ಭಯ ಆಗುತ್ತೆ."

"ಅದು ರೋಗಲಕ್ಷಣ ಅಲ್ಲಮ್ಮ."

"ನಿಮ್ಮ ಪುಸ್ತಕದಲ್ಲಿ ಇರ್ಲಿಕ್ಕಿಲ್ಲ, ಬಿಡಿ."

ಡಾಕ್ಟರಮ್ಮ ಪೆಟ್ಟಿಗೆ ಮುಚ್ಚಿದರು. ಯಾರೂ ಕರೆಯುವ ಮೊದಲೇ ಬೀಗದವನು ಅಂಗಿಯ ತೋಳು ಮಡಚಿ, ರಕ್ತ ತೆಗೆಯುವ ಕುರ್ಚಿಯಲ್ಲಿ ಕೂತುಬಿಟ್ಟ. ಆದರೆ ಒಂದು ಷರತ್ತು ಬಿತ್ತು: ಸೋಂಕಿಗೆ ಮುಂಚಿನ ಅವನ ಸ್ಥಿತಿಯನ್ನು ಹೆಂಡತಿ ಈಗಲಾದರೂ ಬರೆದುಕೊಡಬೇಕು. ಅರ್ಧ ಪುಟ ಸಾಕೆಂದರು. ಅವಳು ಕನ್ನಡಕ ಹಾಕಿಕೊಂಡು, ಇಲ್ಲಿ ಮಧ್ಯಾಹ್ನದ ಊಟಕ್ಕೆ ವ್ಯವಸ್ಥೆಯಿದೆಯೇ ಎಂದು ವಿಚಾರಿಸಿದಳು.