ಅಮ್ಮನ ಮಾತೂ ಈ ದೇಶದ ಮಾತೇ

ಬೀದಿಯವರೆಲ್ಲ ಅವನನ್ನು ಬ್ರೆಡ್ಡಣ್ಣ ಎಂದೇ ಕರೆಯುತ್ತಿದ್ದರು. ತನ್ನ ಬೇಕರಿಗೆ ಬಂದವರ ಜೊತೆ ಊರಿನ ಭಾಷೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ. ಮನೆಯ ಭಾಷೆ ಬೇರೆ. ಅದನ್ನಾಡುವ ಮನೆಗಳು ಆ ಊರಲ್ಲಿ ಬೆರಳೆಣಿಕೆಯಷ್ಟು. "ನಾಲ್ಕು ಜನರ ಮುಂದೆ ಅದನ್ನ ಆಡಬೇಡಮ್ಮ, ಹೊರಗಿನವರು ಅಂದ್ಕೋತಾರೆ" ಎಂದು ಅಮ್ಮನ ಬಾಯನ್ನೂ ಕಟ್ಟಿದ್ದ. ಮಗಳಿಗಂತೂ ಕಲಿಸಲೇ ಇಲ್ಲ.

ಒಂದು ಬೆಳಿಗ್ಗೆ ಅಮ್ಮನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಆದರೆ ಊರಿನ ಭಾಷೆ ಪೂರಾ ಮರೆತುಹೋಯಿತು. ಆಸ್ಪತ್ರೆಯಲ್ಲಿ ಮೊಮ್ಮಗಳ ಕೈ ಹಿಡಿದು ತೊದಲುತ್ತ ಏನೋ ಕೇಳಿದಳು. ಹುಡುಗಿ ಅಪ್ಪನ ಮುಖ ನೋಡಿದಳು. ಅವನು ಅಕ್ಕಪಕ್ಕದ ಮಂಚಗಳತ್ತ ಕಣ್ಣಾಡಿಸಿ, ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದ.

"ಗಟ್ಟಿಯಾಗಿ ಮಾತಾಡಿ ಅಣ್ಣ, ಅಮ್ಮಂಗೆ ಕಿವಿ ಮಂದ" ಎಂದಳು ನರ್ಸಮ್ಮ. "ನೀವಿಲ್ಲದ ಹೊತ್ತಿಗೆ ಅವರ ಭಾಷೆ ಬಲ್ಲವರನ್ನ ಕರೆಸೋಣ. ಅದು ಅವರ ಹಕ್ಕು. ಸರ್ಕಾರ ನಿಮ್ಮವರನ್ನ ಭಾಷಾ ಅಲ್ಪಸಂಖ್ಯಾತರು ಅಂತ ಗುರುತಿಸಿದೆಯಲ್ಲ?"

"ಅದೇ ಬೇಡ ಸಿಸ್ಟರ್! ಬೇರೆ ಹೆಸರು ಕೊಟ್ಟ ಮೇಲೆ ನಾವು ಬೇರೇನೇ ತಾನೆ? ಇಲ್ಲೇ ಹುಟ್ಟಿ ಬೆಳೆದು, ಬಾಡಿಗೆದಾರರ ಹಾಗೆ ಇರಬೇಕಾ?"

"ಯಾರು ಹೇಳಿದ್ದು? ಅಲ್ಪಸಂಖ್ಯಾತರೂ ಪೂರ್ತಿ ಪ್ರಜೆಗಳೇ ಅಂತ ಸರ್ಕಾರವೇ ಸಾರಿದೆ. ನನ್ನ ವೋಟಿಗೆ ಎಷ್ಟು ತೂಕವೋ ನಿಮ್ಮದಕ್ಕೂ ಅಷ್ಟೇ. ಜನ ಕಮ್ಮಿ ಅಂತ ನಿಮ್ಮ ಭಾಷೆ ಅಳಿದುಹೋಗಬಾರದಲ್ಲ, ಅದಕ್ಕೊಂದು ಕಾವಲು. ಲೆಕ್ಕದಲ್ಲಿ ಕಮ್ಮಿ ಅಣ್ಣ, ಬೆಲೆಯಲ್ಲಲ್ಲ."

"ಜನ ಆಡ್ಕೊಂಡ್ರೆ?"

"ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಆದ್ರೆ ಭಾಷೆ ಬೇರೆ ಅಂತ ಯಾರಾದ್ರೂ ಕೆಲಸ, ಮನೆ, ಚಿಕಿತ್ಸೆ ಕೊಡಲ್ಲ ಅಂದ್ರೆ ದೂರು ಕೊಡಿ. ನಾನೂ ಜೊತೆಗೆ ಬರ್ತೀನಿ."

ಅಷ್ಟರಲ್ಲಿ ಅಮ್ಮ ನರ್ಸಮ್ಮನ ತೋಳು ಮುಟ್ಟಿ ಏನೋ ಎಂದಳು. ಬ್ರೆಡ್ಡಣ್ಣನಿಗೆ ನಗು ತಡೆಯಲಾಗಲಿಲ್ಲ.

"ಈ ನರ್ಸು ಹುಡುಗಿ ಕಡ್ಡಿ ಹಾಗಿದ್ದಾಳೆ, ನಮ್ಮ ಅಂಗಡಿ ಬನ್ನು ತಂದು ತಿನ್ನಿಸೋ ಅಂತಿದ್ದಾಳೆ!"

ಪಕ್ಕದ ಮಂಚದ ಮುದುಕಿ ಎದ್ದು ಕೂತಳು. "ನಂಗೂ ಒಂದು ಅಂತ ಹೇಳಪ್ಪ, ಅವರ ಭಾಷೇಲೇ ಹೇಳು."

ಬ್ರೆಡ್ಡಣ್ಣ ವಾರ್ಡಿಗೆಲ್ಲ ಕೇಳುವಂತೆ ಹೇಳಿದ. ಯಾರೂ ಮುಖ ಸಿಂಡರಿಸಲಿಲ್ಲ. ಅಮ್ಮ ಮಾತ್ರ ಮಗನನ್ನೇ ನೋಡುತ್ತ ಕಣ್ಣೊರೆಸಿಕೊಂಡಳು.

"ಅಪ್ಪ, ಅಜ್ಜಿ ಆಗ ನನ್ನ ಏನು ಕೇಳಿದ್ದು?"

"ಊಟ ಆಯ್ತಾ ಅಂತ ಕಣೇ."

"ಆಯ್ತಜ್ಜಿ ಅನ್ನೋದು ಹೇಗೆ?"

ಅವನು ಹೇಳಿಕೊಟ್ಟ. ಮಗಳು ತಪ್ಪುತಪ್ಪಾಗಿ ಹೇಳಿದಳು. ಅಜ್ಜಿ ಅವಳ ಕೆನ್ನೆ ಹಿಂಡಿ ತಿದ್ದಿದಳು.

ಮರುವಾರ ಬ್ರೆಡ್ಡಣ್ಣ ತಾನೇ ಶಾಲೆಗೆ ಹೋಗಿ, ಅಲ್ಲಿ ನಡೆಯುತ್ತಿದ್ದ ಮನೆಮಾತಿನ ಪಾಠಕ್ಕೆ ಮಗಳ ಹೆಸರು ಕೊಟ್ಟು ಬಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಮಾತು ಬೇರೆಯೇ? ಮುಚ್ಚಿಡಬೇಡಿ, ಮಕ್ಕಳಿಗೆ ಕಲಿಸಿ, ನಿಮ್ಮ ಹಕ್ಕು ಕೇಳಿ ಪಡೆಯಿರಿ. ಪಕ್ಕದ ಮನೆಯವರ ಮಾತು ಬೇರೆಯೇ? "ನೀವು ಎಲ್ಲಿಯವರು?" ಎನ್ನಬೇಡಿ, ಅವರು ಇಲ್ಲಿಯವರೇ. "ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ?" ಎಂದು ಕೇಳಿ ನೋಡಿ.